ಇಪ್ಪತ್ತು ನಿಮಿಷದ ನಿದ್ದೆ

ರಾತ್ರಿ ಮೂರು ಗಂಟೆಗೆ ಎದ್ದು ಕೂತು, ಇನ್ನೊಬ್ಬ ಮನುಷ್ಯ ಮಲಗೋದನ್ನು ಯೂಟ್ಯೂಬ್‌ನಲ್ಲಿ ನೋಡೋದು ಅಂದರೆ ಬದುಕಿನಲ್ಲಿ ಎಲ್ಲೋ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಆ ವಾರ ನನ್ನದು ಆನ್‌ಕಾಲ್ ಪಾಳಿ. ಐಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಇಷ್ಟು: ವಾರಪೂರ್ತಿ ಫೋನು ದಿಂಬಿನ ಪಕ್ಕದಲ್ಲಿರಬೇಕು. ಸರ್ವರ್‌ಗೆ ಏನಾದರೂ ಆದರೆ ಅದು ಕಿರುಚಿಕೊಳ್ಳುತ್ತೆ. ಐದು ನಿಮಿಷದೊಳಗೆ 'ನೋಡ್ತಿದ್ದೀನಿ' ಅನ್ನೋ ಬಟನ್ ಒತ್ತಬೇಕು, ಇಲ್ಲದಿದ್ದರೆ ಅದು ಮ್ಯಾನೇಜರನ್ನು ಎಬ್ಬಿಸುತ್ತೆ. ಆವತ್ತು ಒಂದು ಅಲರ್ಟ್ ಮುಗಿಸಿದ ಮೇಲೆ ನಿದ್ದೆ ಬರಲಿಲ್ಲ. ಯಾವುದೋ ವಿಡಿಯೋ ಸಿಕ್ಕಿತು. ಅಟ್ಲಾಂಟಿಕ್ ಸಾಗರದ ನಡುವೆ ಒಬ್ಬನೇ ಹಾಯಿದೋಣಿಯಲ್ಲಿ ಹೋಗ್ತಿರೋ ನಡುವಯಸ್ಸಿನ ಮನುಷ್ಯ. ಮಳೆಕೋಟು ಹಾಕಿಕೊಂಡೇ ಕಿರಿದಾದ ಹಲಗೆಯ ಮೇಲೆ ಬೀಳ್ತಾನೆ. ಅಡುಗೆಮನೆಯಲ್ಲಿ ಇಡ್ತಾರಲ್ಲ, ಅಂಥ ಟೈಮರ್‌ಗೆ ಇಪ್ಪತ್ತು ನಿಮಿಷ ಕೊಟ್ಟು ಎದೆ ಮೇಲೆ ಇಟ್ಟುಕೊಳ್ತಾನೆ. ಅದು ಕೂಗುತ್ತೆ. ಏಳ್ತಾನೆ, ಮೇಲೆ ಹೋಗ್ತಾನೆ, ಕತ್ತಲಲ್ಲಿ ಸುತ್ತ ಒಮ್ಮೆ ನೋಡ್ತಾನೆ, ಇಳೀತಾನೆ, ಮತ್ತೆ ಇಪ್ಪತ್ತು ನಿಮಿಷ. ಬೆಳಗಿನವರೆಗೂ ಇಷ್ಟೇ. ಈತ ನಮ್ಮ ಟೀಮಿನವನೇ ಅನ್ನಿಸಿಬಿಟ್ಟಿತು.

ಅಲ್ಲಿಂದ ಶುರುವಾದ ಹುಚ್ಚು ಇನ್ನೂ ಬಿಟ್ಟಿಲ್ಲ. ನನಗೂ ಸಮುದ್ರಕ್ಕೂ ಯಾವ ಸಂಬಂಧವೂ ಇಲ್ಲ ಅನ್ನೋದನ್ನು ಮೊದಲೇ ಹೇಳಿಬಿಡ್ತೀನಿ. ನಮ್ಮೂರು ನವಲಗುಂದದ ಕಡೆ. ಕಣ್ಣು ಹಾಯಿಸಿದಷ್ಟು ದೂರ ಕರಿ ಮಣ್ಣು, ಕುಡಿಯೋಕೆ ಕೆರೆ ನೀರು. ನಾನು ಸಮುದ್ರ ನೋಡಿದ್ದು ಬಿಇ ಎರಡನೇ ವರ್ಷದಲ್ಲಿ, ಗೋಕರ್ಣ ಟ್ರಿಪ್ಪಿನಲ್ಲಿ, ಮೊಣಕಾಲು ಮಟ್ಟ. ಈಜು ಇವತ್ತಿಗೂ ಬರೋದಿಲ್ಲ. ಆದರೆ ಒಂದು ವಿಷಯ ಓದಿದಾಗ ಎದ್ದು ಕೂತೆ. ನಮ್ಮ ಕಡೆ ಮಹದಾಯಿ ಅಂದರೆ ಬಂದ್, ರಸ್ತೆ ತಡೆ, ವರ್ಷಗಟ್ಟಲೆ ಧರಣಿ. ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವಾಕ್ಕೆ ಹರಿದುಹೋಗೋ ಆ ನದಿಯ ಹೆಸರನ್ನೇ ನಮ್ಮ ನೌಕಾಪಡೆ ತನ್ನ ಒಂದು ಹಾಯಿದೋಣಿಗೆ ಇಟ್ಟಿದೆ: ಐಎನ್‌ಎಸ್‌ವಿ ಮ್ಹಾದೇಯಿ. ಗೋವಾದಲ್ಲೇ ಕಟ್ಟಿದ್ದು. ಅದರಲ್ಲಿ 2009-10ರಲ್ಲಿ ದಿಲೀಪ್ ದೋಂಡೆ ನಾಲ್ಕು ಕಡೆ ನಿಲ್ಲಿಸಿ ಒಬ್ಬರೇ ಭೂಮಿ ಸುತ್ತಿದರು. 2012ರ ನವೆಂಬರ್‌ನಲ್ಲಿ ಮುಂಬೈ ಬಿಟ್ಟ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಸುತ್ತಿ ಐದು ತಿಂಗಳಿಗೆ ಮುಂಬೈಗೇ ವಾಪಸ್ ಬಂದರು. ನಮ್ಮೂರಿಗೆ ಬಾರದ ನೀರಿನ ಹೆಸರು ಭೂಮಿ ಪ್ರದಕ್ಷಿಣೆ ಮಾಡಿ ಬಂದಿದೆ!

ಒಂಟಿ ನಾವಿಕರ ದಿನಚರಿ ಅಂದರೆ ಸೂರ್ಯಾಸ್ತ, ಡಾಲ್ಫಿನ್, ಮೌನ, ಒಂದು ದಪ್ಪ ಪುಸ್ತಕ ಅಂತ ನಾನು ಅಂದುಕೊಂಡಿದ್ದೆ. ಅದು ಹೆಚ್ಚಾಗಿ ಮೆಂಟೆನೆನ್ಸ್ ಕೆಲಸ. ಬೆಳಗಾದರೆ ದೋಣಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿಕೊಂಡು ಬರಬೇಕು. ಹಗ್ಗ ಎಲ್ಲಿ ಉಜ್ಜಿ ಸವೆದಿದೆ, ಯಾವ ನಟ್ಟು ಸಡಿಲ, ಹಾಯಿಯ ಹೊಲಿಗೆ ಎಲ್ಲಿ ಬಿಟ್ಟಿದೆ. ಒಂದೇ ಜಾಗದಲ್ಲಿ ಹಗಲೂ ರಾತ್ರಿ ಉಜ್ಜುತ್ತಿದ್ದರೆ ಎಂಥ ಹಗ್ಗವೂ ತಿಂದುಹೋಗುತ್ತೆ. ರಾತ್ರಿ ಹಾರಿ ಬಂದು ಡೆಕ್ ಮೇಲೆ ಸತ್ತು ಬಿದ್ದ ಮೀನುಗಳನ್ನು ಎತ್ತಬೇಕು. ಸ್ಟೌ ತೂಗುವ ಚೌಕಟ್ಟಿನಲ್ಲಿ ಇರುತ್ತೆ, ದೋಣಿ ಎತ್ತ ವಾಲಿದರೂ ಪಾತ್ರೆ ನೆಟ್ಟಗೆ ನಿಲ್ಲಲಿ ಅಂತ. ಪಾತ್ರೆ ತೊಳೆಯೋದು ಉಪ್ಪು ನೀರಲ್ಲಿ. ಮಳೆ ಬಂದರೆ ಹಾಯಿಯಿಂದ ಇಳಿಯೋ ನೀರನ್ನು ಬಕೆಟ್ಟಿಗೆ ಹಿಡೀತಾರೆ, ಆವತ್ತು ಹಬ್ಬ. ಕೆಲವು ಗಂಟೆಗೊಮ್ಮೆ ಲಾಗ್‌ಬುಕ್ಕಿನಲ್ಲಿ ಬರೀಬೇಕು: ಎಲ್ಲಿದ್ದೀನಿ, ಯಾವ ದಿಕ್ಕು, ಎಷ್ಟು ವೇಗ, ಗಾಳಿ ಎಲ್ಲಿಂದ, ವಾಯುಭಾರ ಎಷ್ಟು, ಯಾವ ಹಾಯಿ ಎತ್ತಿದೆ.

ಡೆಕ್ ಮೇಲೆ ಹೋಗುವಾಗ ಸೊಂಟಕ್ಕೆ ಪಟ್ಟಿ, ಅದಕ್ಕೊಂದು ಹಗ್ಗ, ಹಗ್ಗದ ಇನ್ನೊಂದು ತುದಿ ದೋಣಿಗೆ. ಯಾಕಂದರೆ ಬಿದ್ದರೆ ದೋಣಿ ನಿಲ್ಲೋದಿಲ್ಲ. ಅದನ್ನು ನಡೆಸ್ತಿರೋದು ಹಿಂದೆ ಸಿಕ್ಕಿಸಿರೋ ಗಾಳಿಪಟ್ಟಿ. ಬಹಳ ಚಂದದ ಯಂತ್ರ ಅದು. ಕರೆಂಟು ಬೇಡ, ಕೋಡು ಬೇಡ. ಗಾಳಿಗೆ ಇಂತಿಷ್ಟು ಕೋನದಲ್ಲಿ ದೋಣಿ ಹೋಗಲಿ ಅಂತ ಒಮ್ಮೆ ಕಟ್ಟಿಟ್ಟರೆ, ದೋಣಿ ದಿಕ್ಕು ತಪ್ಪಿದಾಗೆಲ್ಲ ತಾನೇ ಚುಕ್ಕಾಣಿ ತಿರುಗಿಸಿ ಸರಿ ಮಾಡುತ್ತೆ. ಒಂದೇ ತೊಂದರೆ. ನೀವು ಮಲಗಿರುವಾಗ ಗಾಳಿಯೇ ದಿಕ್ಕು ಬದಲಿಸಿದರೆ ಅದೂ ಅಷ್ಟೇ ನಿಷ್ಠೆಯಿಂದ ದೋಣಿಯನ್ನು ಬೇರೆ ಕಡೆ ಕರಕೊಂಡು ಹೋಗುತ್ತೆ. ಹೇಳಿದ್ದನ್ನು ಮಾಡುತ್ತೆ, ಬೇಕಾದ್ದನ್ನಲ್ಲ. ಈ ಸ್ವಭಾವದ ಯಂತ್ರಗಳ ಜೊತೆ ನಾನು ಹನ್ನೆರಡು ವರ್ಷದಿಂದ ಸಂಬಳಕ್ಕೆ ಬದುಕ್ತಿದ್ದೀನಿ.

ಇಪ್ಪತ್ತು ನಿಮಿಷವೇ ಯಾಕೆ? ಲೆಕ್ಕ ಹಾಕಿ ನೋಡಿದೆ, ಎಂಜಿನಿಯರ್ ಬುದ್ಧಿ. ಸಣ್ಣ ದೋಣಿಯಲ್ಲಿ ನಿಂತವನ ಕಣ್ಣು ನೀರಿನಿಂದ ಎರಡೂವರೆ ಮೀಟರ್ ಎತ್ತರದಲ್ಲಿದ್ದರೆ ಅವನಿಗೆ ಕಾಣೋ ದಿಗಂತ ಐದೂವರೆ ಕಿಲೋಮೀಟರ್ ದೂರ ಅಷ್ಟೇ. ಸರಕು ಹಡಗು 30 ಮೀಟರ್ ಎತ್ತರ ಇದ್ದರೆ ಅದರ ತುದಿ ಇನ್ನೂ ಮೊದಲೇ, ಸುಮಾರು 25 ಕಿಲೋಮೀಟರ್‌ನಿಂದಲೇ ಕಾಣಬೇಕು. ಅದು 20 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 37 ಕಿಲೋಮೀಟರ್, ಎದುರಿಗೇ ಬರ್ತಿದ್ದರೆ, ನಿಮ್ಮ ದೋಣಿಯ ವೇಗವೂ ಸೇರಿ ಅರ್ಧ ಗಂಟೆಯಲ್ಲಿ ನಿಮ್ಮ ಮೇಲಿರುತ್ತೆ. ಇದು ಕಾಗದದ ಮೇಲೆ, ನಿರ್ಮಲ ಆಕಾಶದಲ್ಲಿ. ಮಂಜು, ಮಳೆ, ಅಲೆ ಅಂತ ಕಳೆದರೆ ಇಪ್ಪತ್ತು ನಿಮಿಷವೇ ಹೆಚ್ಚಾಯಿತು. ಅಷ್ಟು ದೊಡ್ಡ ಹಡಗು ನಿಮ್ಮನ್ನು ನೋಡಿ ಬ್ರೇಕ್ ಹಾಕೋಕೆ ಆಗೋದಿಲ್ಲ. ಅದು ನಿಲ್ಲೋಕೆ ಕಿಲೋಮೀಟರ್‌ಗಟ್ಟಲೆ ಬೇಕು.

ಈಗ ನನ್ನನ್ನು ಬಿಡದೆ ಕಾಡಿದ ವಿಷಯಕ್ಕೆ ಬರ್ತೀನಿ. ಸಮುದ್ರದಲ್ಲೂ ರಸ್ತೆಯ ಹಾಗೆ ನಿಯಮ ಇದೆ. ಡಿಕ್ಕಿ ತಡೆಯೋಕೆ 1972ರಲ್ಲಿ ಆದ ಅಂತಾರಾಷ್ಟ್ರೀಯ ನಿಯಮಾವಳಿ. ಅದರ ಐದನೇ ನಿಯಮ ಒಂದೇ ವಾಕ್ಯದ್ದು. ಪ್ರತಿಯೊಂದು ನೌಕೆಯೂ ಎಲ್ಲ ಸಮಯದಲ್ಲೂ ಕಣ್ಣಿನಿಂದ, ಕಿವಿಯಿಂದ, ಇರುವ ಎಲ್ಲ ಸಾಧನಗಳಿಂದ ಸರಿಯಾದ ಕಾವಲು ಇಟ್ಟಿರಬೇಕು ಅಂತ ಅದರ ತಾತ್ಪರ್ಯ. 'ಎಲ್ಲ ಸಮಯದಲ್ಲೂ.' ಒಬ್ಬನೇ ಇದ್ದರೆ ರಿಯಾಯಿತಿ ಅಂತ ಎಲ್ಲೂ ಇಲ್ಲ. ಅಂದರೆ ತಿಂಗಳುಗಟ್ಟಲೆ ಒಬ್ಬನೇ ಹೋಗೋ ನಾವಿಕ ದಿನಾ ರಾತ್ರಿ, ಕಣ್ಣು ಮುಚ್ಚಿದ ಕ್ಷಣದಿಂದ, ನಿಯಮ ಮುರೀತಿದ್ದಾನೆ. ಬಂದರಿನಿಂದ ಹೊರಡುವಾಗಲೇ ಅವನಿಗೆ ಗೊತ್ತು, ತಾನು ಇದನ್ನು ಮುರಿಯೋನೇ ಅಂತ. ರೇಸು ನಡೆಸೋರಿಗೆ ಗೊತ್ತು, ಹಾರ ಹಾಕಿ ಸ್ವಾಗತಿಸೋ ಮಂತ್ರಿಗಳಿಗೂ ಗೊತ್ತಿರಬೇಕು. ಎಲ್ಲರೂ ಚಪ್ಪಾಳೆ ತಟ್ತಾರೆ. ನಾನೂ ತಟ್ಟಿದ್ದೀನಿ.

ಇದಕ್ಕೆ ಕೆಲವರು ಒಂದು ಉಪಾಯ ಹೇಳ್ತಾರೆ. ಅದೇ ನಿಯಮಾವಳಿಯಲ್ಲಿ, ನಿಯಂತ್ರಣದಲ್ಲಿಲ್ಲದ ನೌಕೆ ರಾತ್ರಿ ಹೊತ್ತು ಒಂದರ ಮೇಲೊಂದು ಎರಡು ಕೆಂಪು ದೀಪ ಹಾಕಬೇಕು ಅಂತಿದೆ. 'ನಾನು ದಾರಿ ಬಿಡೋಕಾಗೋದಿಲ್ಲ, ನೀವೇ ನೋಡಿಕೊಂಡು ಹೋಗಿ' ಅಂತ ಅರ್ಥ. ಮಲಗುವಾಗ ಅದನ್ನು ಹಾಕಿಬಿಟ್ಟರೆ? ಕೇಳೋಕೆ ಪ್ರಾಮಾಣಿಕವಾಗಿದೆ. ಆದರೆ ನಿಯಮದ ವ್ಯಾಖ್ಯಾನದ ಪ್ರಕಾರ ಆ ದೀಪ ಇರೋದು ಯಾವುದಾದರೂ ಅಸಾಧಾರಣ ಸನ್ನಿವೇಶದಿಂದ ಹಾಗಾದ ನೌಕೆಗೆ. ಚುಕ್ಕಾಣಿ ಮುರಿಯೋದು ಅಸಾಧಾರಣ. ರಾತ್ರಿ ನಿದ್ದೆ ಬರೋದು? ಜಗತ್ತಿನಲ್ಲಿ ಅದಕ್ಕಿಂತ ಸಾಧಾರಣವಾದದ್ದು ಇನ್ನೇನಿದೆ? ಹಾಗಾಗಿ ಹೆಚ್ಚಿನವರು ಮಾಮೂಲಿ ದೀಪ ಹಾಕಿಕೊಂಡೇ ಮಲಗ್ತಾರೆ. ಆ ದೀಪ ದೂರದವರಿಗೆ ಹೇಳೋದು ಇಷ್ಟು: 'ಇಲ್ಲೊಬ್ಬ ಇದ್ದಾನೆ, ಎಚ್ಚರವಾಗಿದ್ದಾನೆ.'

ಅವನ ಪ್ರಾಣ, ಅವನ ಇಷ್ಟ, ನಿಂಗೇನಪ್ಪ ಅಂತ ನೀವು ಕೇಳಬಹುದು. ನನ್ನ ಮೊದಲ ಉತ್ತರವೂ ಅದೇ ಆಗಿತ್ತು. ದೊಡ್ಡ ಹಡಗಿಗೆ ಹಾಯಿದೋಣಿ ತಾಗಿದರೆ ಹಡಗಿನವರಿಗೆ ಗೊತ್ತೂ ಆಗದೆ ಇರಬಹುದು, ಸಾಯೋನು ಮಲಗಿದ್ದವನೇ. 2009ರ ಸೆಪ್ಟೆಂಬರ್ 9ರಂದು ಆಸ್ಟ್ರೇಲಿಯಾದ ಜೆಸಿಕಾ ವಾಟ್ಸನ್ ಅನ್ನೋ ಹದಿನಾರು ವರ್ಷದ ಹುಡುಗಿ, ಭೂಮಿ ಸುತ್ತೋ ಯಾನಕ್ಕೆ ಮೊದಲಿನ ಪರೀಕ್ಷಾ ಯಾನದಲ್ಲಿ, ಸುತ್ತ ಏನೂ ಇಲ್ಲ ಅಂತ ಮಲಗಿದ್ದಾಗ ಅವಳ ಗುಲಾಬಿ ದೋಣಿ 'ಸಿಲ್ವರ್ ಯಾಂಗ್' ಅನ್ನೋ ಸರಕು ಹಡಗಿಗೆ ತಾಗಿತು. ಹಾಯಿ ಕಟ್ಟುವ ಕಂಬ ಮುರೀತು, ಹುಡುಗಿ ಉಳಿದಳು. ಆಸ್ಟ್ರೇಲಿಯಾದ ತನಿಖಾ ಸಂಸ್ಥೆ ಕೊಟ್ಟ ವರದಿಯಲ್ಲಿ, ದೋಣಿಯಲ್ಲೂ ಸರಿಯಾದ ಕಾವಲಿರಲಿಲ್ಲ, ಹಡಗಿನಲ್ಲೂ ಇರಲಿಲ್ಲ ಅಂತ ಬಂತು. ಅಂದರೆ ಸಂಬಳ ತಗೊಂಡು ಎಚ್ಚರ ಇದ್ದವರೂ ನೋಡಿರಲಿಲ್ಲ. (ಡಿಕ್ಕಿಯಾದ ಜಾಗ ಯಾವ ಊರಿನ ಆಚೆ ಅಂದರೆ, ಪಾಯಿಂಟ್ ಲುಕ್‌ಔಟ್. ಕಥೆಯಲ್ಲಿ ಹೀಗೆ ಬರೆದರೆ ಯಾರೂ ನಂಬೋದಿಲ್ಲ.) ಮರುತಿಂಗಳೇ ಅವಳು ಮತ್ತೆ ಹೊರಟಳು, 2010ರ ಮೇನಲ್ಲಿ ಭೂಮಿ ಸುತ್ತಿ ಸಿಡ್ನಿಗೆ ಬಂದಳು.

ಆದರೆ ಎಲ್ಲ ಸಲವೂ ಎದುರಿಗೆ ಸಿಗೋದು ದೊಡ್ಡ ಹಡಗೇ ಅಲ್ಲ. 2021ರ ಜನವರಿಯಲ್ಲಿ, ಒಬ್ಬೊಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತೋ ವಾಂದೇ ಗ್ಲೋಬ್ ರೇಸಿನಲ್ಲಿ ಜರ್ಮನಿಯ ಬೋರಿಸ್ ಹೆರ್ಮನ್, ಗುರಿ ಇನ್ನು 90 ಮೈಲಿ ಇದೆ ಅನ್ನುವಾಗ, ಒಂದು ಮೀನುಗಾರಿಕೆ ದೋಣಿಗೆ ಡಿಕ್ಕಿ ಹೊಡೆದರು. ಮಲಗಿದ್ದರು. ರಾಡಾರ್ ಇತ್ತು, ಹಡಗುಗಳು ತಮ್ಮ ಜಾಗ ತಾವೇ ಸಾರಿಕೊಳ್ಳೋ ಎಐಎಸ್ ಇತ್ತು, ಅಲಾರಾಂ ಇತ್ತು. ಯಾವುದೂ ಹೊಡೆಯಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ಆ ಮೀನುಗಾರರು ಯಾವ ರೇಸಿಗೂ ಹೆಸರು ಕೊಟ್ಟಿರಲಿಲ್ಲ. ಅವರು ಕೆಲಸಕ್ಕೆ ಬಂದಿದ್ದರು, ಅಷ್ಟೇ. 'ಅವನ ಪ್ರಾಣ, ಅವನ ಇಷ್ಟ' ಅನ್ನೋ ವಾದ ನನ್ನ ಮಟ್ಟಿಗೆ ಅಲ್ಲಿಗೆ ಮುಗೀತು.

ಇಲ್ಲಿ ನಮ್ಮ ಅಪ್ಪನ ವಿಷಯ ಹೇಳಬೇಕು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗಿನ ಮಾತು. ಚಳಿಗಾಲ, ಹೊಲದಲ್ಲಿ ಕಡಲೆ. ನಮ್ಮ ಕಡೆ ಕಡಲೆಗೆ ಚಿಗರಿ ಕಾಟ. ರಾತ್ರಿ ಹಿಂಡುಗಟ್ಟಿ ಬಂದರೆ ಬೆಳಗಾಗೋದರೊಳಗೆ ಅರ್ಧ ಹೊಲ ನುಣ್ಣಗೆ. ಹಾಗಾಗಿ ಅಕ್ಕಪಕ್ಕದ ಮೂರು ಹೊಲದವರು ಸೇರಿ ಕಾಯೋಕೆ ಪಾಳಿ ಹಚ್ಚಿಕೊಂಡಿದ್ದರು. ಒಂದು ರಾತ್ರಿ ನಮ್ಮ ಪಾಳಿ. ಅಪ್ಪನಿಗೆ ಜ್ವರ, ನಾನು ಹೋದೆ. ಕಂಬಳಿ, ಬ್ಯಾಟರಿ, ಬಡಿಯೋಕೆ ಒಂದು ಖಾಲಿ ಡಬ್ಬಿ. ಹನ್ನೆರಡರವರೆಗೆ ಬಡಿದೆ, ಕೂಗಿದೆ, ಹಾಡಿದೆ. ಆಮೇಲೆ ಕಂಬಳಿ ಗೆದ್ದಿತು. ಬೆಳಗ್ಗೆ ಬಾಜೂ ಹೊಲದ ಕಾಕಾ ಬಂದು ಕೇಳಿದಾಗ "ಎಚ್ಚರನ ಇದ್ನಿರಿ ಕಾಕಾ, ಚಿಗರಿ ಬರಲಿಲ್ಲ" ಅಂದೆ. ಅರ್ಧ ಗಂಟೆಯಲ್ಲಿ ಸೂರ್ಯ ಮೇಲೆ ಬಂದ. ಇಬ್ಬನಿ ಬಿದ್ದ ಕರಿ ಮಣ್ಣಿನ ತುಂಬ ಗೊರಸಿನ ಗುರುತು. ನಮ್ಮ ಹೊಲದಲ್ಲಿ ಸ್ವಲ್ಪ, ಕಾಕಾನ ಹೊಲದಲ್ಲಿ ಬಹಳ.

ಅಪ್ಪ ಹೊಡೆಯಲಿಲ್ಲ. ಸಂಜೆ ಕಟ್ಟೆ ಮೇಲೆ ಕೂತು, ನನ್ನ ಮುಖ ನೋಡದೆ ಅಂದರು: "ನಿದ್ದಿ ಯಾರನ್ನ ಬಿಟ್ಟೈತೋ? ಮಲಗಿದ್ದಕ್ಕ ನಾ ಏನೂ ಅನ್ನಂಗಿಲ್ಲ. ಬರಲಿಲ್ಲ ಅಂತ ಯಾಕ ಅಂದಿ? ನೀ ಎಚ್ಚರ ಅದಿ ಅಂತ ತಿಳಕೊಂಡು ಮೂರು ಮನಿಯವ್ರು ಮಲಗಿದ್ರು."

ಆಗ ಅದು ಬೈಗುಳದ ಹಾಗೆ ಮಾತ್ರ ಕೇಳಿಸಿತ್ತು. ಅದರಲ್ಲಿ ಎರಡು ಬೇರೆ ಬೇರೆ ಮಾತಿವೆ ಅನ್ನೋದು ಈ ಸಮುದ್ರದ ಹುಚ್ಚು ಹಿಡಿದ ಮೇಲೆ ಹೊಳೆಯಿತು. ಮಲಗೋದು ಒಂದು. ಮಲಗಿಲ್ಲ ಅನ್ನೋದು ಇನ್ನೊಂದು. ಮೊದಲನೆಯದು ದೇಹದ ಕೆಲಸ, ಅದರಿಂದ ಹಾನಿಯಾದರೂ ಅದು ಒಂದು ರಾತ್ರಿಯ ಹಾನಿ. ಎರಡನೆಯದು ಬೇರೆಯವರ ಕಣ್ಣನ್ನೂ ಮುಚ್ಚಿಸುತ್ತೆ. ನಾನು ನಿಜ ಹೇಳಿದ್ದರೆ ಕಾಕಾ ಅವತ್ತು ಬೆಳಗ್ಗೆಯೇ ಹೋಗಿ ಬದುವಿನ ಮುಳ್ಳುಬೇಲಿ ಎಲ್ಲಿ ಮುರಿದಿದೆ ನೋಡ್ತಿದ್ದರು.

ಇದನ್ನು ಒಂಟಿ ನಾವಿಕರಿಗೆ ಹಚ್ಚಿ ನೋಡಿದರೆ ಅವರ ಚರಿತ್ರೆ ಬೇರೆ ಥರ ಕಾಣುತ್ತೆ. ಮೊಟ್ಟಮೊದಲು ಒಂಟಿಯಾಗಿ ಭೂಮಿ ಸುತ್ತಿದವನು ಜೋಶುವಾ ಸ್ಲೋಕಮ್. 1895ರಲ್ಲಿ ಬೋಸ್ಟನ್ನಿನಿಂದ ಹೊರಟು 1898ರಲ್ಲಿ ವಾಪಸ್ಸಾದ. ಅವನು ಚುಕ್ಕಾಣಿ ಕಟ್ಟಿಟ್ಟು ಹಾಯಾಗಿ ಮಲಗ್ತಿದ್ದ, ಅದನ್ನು ಪುಸ್ತಕದಲ್ಲಿ ಬರೆದೂ ಇದ್ದಾನೆ. ಅಜೋರ್ಸ್ ದ್ವೀಪಗಳಲ್ಲಿ ಸಿಕ್ಕಿದ ಪ್ಲಮ್ ಹಣ್ಣು, ಚೀಸು ತಿಂದು ಹೊಟ್ಟೆನೋವಿನಿಂದ ನೆಲಕ್ಕೆ ಬಿದ್ದಿದ್ದಾಗ ಕೊಲಂಬಸ್ಸನ 'ಪಿಂಟಾ' ಹಡಗಿನ ಚಾಲಕ ಬಂದು ತನ್ನ ದೋಣಿ ನಡೆಸಿದ್ದನ್ನು ಕಂಡೆ ಅಂತಾನೆ. ಬೆಳಗ್ಗೆ ನೋಡಿದರೆ ದೋಣಿ ಸರಿಯಾದ ದಿಕ್ಕಿನಲ್ಲೇ ಇತ್ತಂತೆ. ಭ್ರಮೆಯೋ ದೆವ್ವವೋ, ನನಗೆ ಇಷ್ಟವಾಗೋದು ಅವನು ಆ ರಾತ್ರಿಯ ಕೆಲಸವನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳಲಿಲ್ಲ ಅನ್ನೋದು.

ಇನ್ನೊಂದು ಕಡೆ ಡೊನಾಲ್ಡ್ ಕ್ರೌಹರ್ಸ್ಟ್. ಇವನ ಕಥೆ ಕೆಲವರಿಗೆ ಗೊತ್ತಿರಬಹುದು. 1968ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು ಒಂಟಿಯಾಗಿ, ನಿಲ್ಲದೆ ಭೂಮಿ ಸುತ್ತೋರಿಗೆ ಗೋಲ್ಡನ್ ಗ್ಲೋಬ್ ಅನ್ನೋ ಸ್ಪರ್ಧೆ ಇಟ್ಟಿತು. ಮೊದಲು ಬಂದವನಿಗೆ ಟ್ರೋಫಿ, ಕಡಿಮೆ ದಿನದಲ್ಲಿ ಸುತ್ತಿದವನಿಗೆ 5,000 ಪೌಂಡ್. ಕ್ರೌಹರ್ಸ್ಟ್ ಎಲೆಕ್ಟ್ರಾನಿಕ್ಸ್ ವ್ಯಾಪಾರಿ, ನಮ್ಮ ಪೈಕಿಯವನೇ. ದೋಣಿ ಮಗುಚದಂತೆ ನೋಡಿಕೊಳ್ಳೋ ಕಂಪ್ಯೂಟರ್ ಮಾಡ್ತೀನಿ ಅಂತ ಹೇಳಿದ್ದ. ಹೊರಡೋ ದಿನ ಬಂದರೂ ಅದು ಆಗಿರಲಿಲ್ಲ. ದೋಣಿಯೊಳಗೆ ವೈರುಗಳು ಮಾತ್ರ ಇದ್ದವು, ಎಲ್ಲಿಗೂ ಸೇರದ ವೈರುಗಳು. (ಕ್ಲೈಂಟ್ ಡೆಮೋ ಮಾಡಿದವರು ನಗಬೇಡಿ.) ಅಕ್ಟೋಬರ್ 31ಕ್ಕೆ, ಅದೇ ಕೊನೆಯ ದಿನ, ಹೊರಟ. ದೋಣಿ ಸೋರ್ತಿತ್ತು. ಮುಂದೆ ಹೋದರೆ ಸಾವು, ಹಿಂದೆ ಹೋದರೆ ಸಾಲ. ಅವನು ಅಟ್ಲಾಂಟಿಕ್ಕಿನಲ್ಲೇ ಉಳಿದು, ಭೂಮಿ ಸುತ್ತುತ್ತಿದ್ದೀನಿ ಅಂತ ರೇಡಿಯೋದಲ್ಲಿ ಸುಳ್ಳು ಹೇಳೋಕೆ ಶುರು ಮಾಡಿದ. ನಿಜವಾಗಿ ಎಲ್ಲಿದ್ದೀನಿ ಅನ್ನೋದನ್ನು ಲಾಗ್‌ಬುಕ್ಕಿನಲ್ಲಿ ಬರೆಯೋದು, ಎಲ್ಲಿರಬೇಕಿತ್ತು ಅನ್ನೋದನ್ನು ಬೇರೆ ಲೆಕ್ಕ ಹಾಕಿ ಜಗತ್ತಿಗೆ ಹೇಳೋದು. 1969ರ ಜುಲೈ 10ರಂದು ಅವನ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಲಾಗ್‌ಬುಕ್ಕುಗಳು ಒಳಗೇ ಇದ್ದವು.

ಎಲ್ಲರೂ ಕ್ರೌಹರ್ಸ್ಟ್‌ನ ಒಂಟಿತನ, ಅವನ ಮನಸ್ಸಿನ ಕುಸಿತದ ಬಗ್ಗೆ ಬರೀತಾರೆ. ಅದು ದೊಡ್ಡ ದುಃಖವೇ. ನನಗೆ ಮಾತ್ರ ಕಣ್ಣಿಗೆ ಬೀಳೋದು ಇನ್ನೊಬ್ಬ: ನೈಜೆಲ್ ಟೆಟ್ಲಿ. ಅದೇ ಸ್ಪರ್ಧೆಯಲ್ಲಿ ಅವನು ನಿಜವಾಗಿಯೂ ಭೂಮಿ ಸುತ್ತಿ, ತಾನು ಹೋದ ದಾರಿಯನ್ನೇ ವಾಪಸ್ ಬಂದು ದಾಟಿದ್ದ. ಊರು ಹತ್ತಿರ ಇತ್ತು. ದೋಣಿ ಜರ್ಜರಿತ, ನಿಧಾನ ಹೋದರೆ ಮುಟ್ಟುತ್ತಿತ್ತೇನೋ. ಆದರೆ ಹಿಂದೆ ಕ್ರೌಹರ್ಸ್ಟ್ ವೇಗವಾಗಿ ಬರ್ತಿದ್ದಾನೆ ಅನ್ನೋ ಸುದ್ದಿ. ಅದನ್ನು ನಂಬಿ ಟೆಟ್ಲಿ ದೋಣಿಯನ್ನು ಓಡಿಸಿದ. 1969ರ ಮೇನಲ್ಲಿ ಅಜೋರ್ಸ್ ಹತ್ತಿರ ಅದು ಒಡೆದು ಮುಳುಗಿತು. ರಬ್ಬರ್ ದೋಣಿಯಲ್ಲಿ ಕೂತು ಬದುಕಿದ. ಸಾವಿರಾರು ಮೈಲಿ ದೂರದಲ್ಲಿ ಒಬ್ಬ ಬರೆದ ಸುಳ್ಳು ಲೆಕ್ಕ ಇನ್ನೊಬ್ಬನ ದೋಣಿಯ ಹಲಗೆ ಕಿತ್ತಿತ್ತು. ಕೊನೆಗೆ ಗುರಿ ಮುಟ್ಟಿದವರು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, ಮುಂಬೈಯಲ್ಲಿ ಕಟ್ಟಿಸಿದ 'ಸುಹೈಲಿ' ಅನ್ನೋ ದೋಣಿಯಲ್ಲಿ. ಆ 5,000 ಪೌಂಡನ್ನು ಅವರು ಕ್ರೌಹರ್ಸ್ಟ್‌ನ ಹೆಂಡತಿ ಮಕ್ಕಳಿಗೆ ಕೊಟ್ಟರು.

ಹಾಗಾದರೆ ನಿಜ ಹೇಳಿಬಿಟ್ಟರೆ ಐದನೇ ನಿಯಮ ಮುರಿದದ್ದು ಮಾಫಿಯಾ? ಇಲ್ಲ. ಆ ಮೀನುಗಾರರ ಮುಂದೆ ನಿಂತು 'ನಾನು ಮಲಗಿದ್ದೆ' ಅಂದರೆ ಅವರ ದೋಣಿ ರಿಪೇರಿ ಆಗೋದಿಲ್ಲ. ಇಲ್ಲಿ ನನ್ನ ತೀರ್ಮಾನ ಅರೆಮನಸ್ಸಿನದ್ದೇ. ನಡುಸಾಗರದಲ್ಲಿ, ಹಡಗಿನ ದಾರಿ ಬಿಟ್ಟು, ಇಪ್ಪತ್ತು ನಿಮಿಷಕ್ಕೆ ಎದ್ದು ನೋಡೋನ ಬಗ್ಗೆ ನನಗೆ ತಕರಾರಿಲ್ಲ. ದಡದ ಹತ್ತಿರ, ಜನ ಬಲೆ ಬೀಸೋ ಜಾಗದಲ್ಲಿ, ಅಲಾರಾಂ ನಂಬಿ ಮಲಗೋದು ತಪ್ಪು ಅಂತಲೇ ನನಗನ್ನಿಸುತ್ತೆ, ರೇಸು ಇರಲಿ ಏನೇ ಇರಲಿ. ಬಹಳ ನಾವಿಕರೂ ಇದನ್ನೇ ಪಾಲಿಸ್ತಾರೆ, ದಡದ ಹತ್ತಿರ ಬಂದ ಮೇಲೆ ನಿದ್ದೆಗೆಟ್ಟು ಕೂರ್ತಾರೆ.

ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಅವರ 'ಕಾವಲು' ತಮ್ಮ ದೋಣಿಗೆ ಮಾತ್ರ ಸೀಮಿತ ಅಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ಅಭಿಲಾಷ್ ಟೋಮಿ ಬೆನ್ನು ಮುರಿದುಕೊಂಡು ಅಲ್ಲಾಡೋಕಾಗದೆ ಬಿದ್ದಿದ್ದರು. ಅದೇ ರೇಸಿನ ಐರಿಷ್ ನಾವಿಕ ಗ್ರೆಗರ್ ಮಗಕಿನ್, ತನ್ನದೇ ದೋಣಿಯ ಕಂಬ ಮುರಿದಿದ್ದರೂ ಚಿಕ್ಕ ಹಾಯಿ ಕಟ್ಟಿಕೊಂಡು ಅವರ ಕಡೆ ಹೊರಟಿದ್ದರು. ಕೊನೆಗೆ 'ಓಸಿರಿಸ್' ಅನ್ನೋ ಫ್ರೆಂಚ್ ಹಡಗು ಇಬ್ಬರನ್ನೂ ಎತ್ತಿಕೊಂಡಿತು. 2022ರ ನವೆಂಬರ್‌ನಲ್ಲಿ ಅದೇ ರೇಸಿನ ಮುಂದಿನ ಆವೃತ್ತಿಯಲ್ಲಿ ಫಿನ್ಲೆಂಡಿನ ಟಾಪಿಯೋ ಲೆಹ್ಟಿನೆನ್ ಅವರ ದೋಣಿ ಮುಳುಗಿದಾಗ, ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ರೇಸು ಬಿಟ್ಟು ದಿಕ್ಕು ತಿರುಗಿಸಿ, ರಾತ್ರಿಯಿಡೀ ಕೈಯಲ್ಲಿ ಚುಕ್ಕಾಣಿ ಹಿಡಿದು ಹೋಗಿ ಅವರನ್ನು ಎತ್ತಿಕೊಂಡು, ಹಾದುಹೋಗ್ತಿದ್ದ ಸರಕು ಹಡಗಿಗೆ ಹತ್ತಿಸಿ, ಮತ್ತೆ ತನ್ನ ದಾರಿ ಹಿಡಿದರು. ಆ ರೇಸು ಗೆದ್ದವರೂ ಅವರೇ. ಎರಡನೆಯವರಾಗಿ ಬಂದವರು ಅಭಿಲಾಷ್ ಟೋಮಿ. ಲೋಹದ ಸಲಾಕೆ ಹಾಕಿದ ಬೆನ್ನಿನಲ್ಲಿ, 236 ದಿನ. ನಮ್ಮ ಆನ್‌ಕಾಲ್ ಪಟ್ಟಿಯಲ್ಲಿ ಇಂಥವರು ಒಬ್ಬರಿದ್ದರೂ ಸಾಕಿತ್ತು.

ಇಷ್ಟೆಲ್ಲ ಬರೆಯೋಕೆ ಕಾರಣ ಈ ನಾವಿಕರಲ್ಲ. ಸುತ್ತಿ ಬಳಸಿದ್ದು ಸಾಕು, ಹೇಳಿಬಿಡ್ತೀನಿ.

ಕೆಲವು ವರ್ಷದ ಹಿಂದೆ, ಹಿಂದಿನ ಕಂಪನಿಯಲ್ಲಿದ್ದಾಗ, ರಾತ್ರಿ 3:10ಕ್ಕೆ ಒಂದು ಅಲರ್ಟ್ ಬಂತು. ಕಣ್ಣು ಬಿಡದೆ ಬಟನ್ ಒತ್ತಿದೆ, 'ನೋಡ್ತಿದ್ದೀನಿ'. ನೋಡಲಿಲ್ಲ. ಲ್ಯಾಪ್‌ಟಾಪು ಟೇಬಲ್ ಮೇಲಿತ್ತು, ನಾಲ್ಕು ಹೆಜ್ಜೆ. ನಿದ್ದೆ ಹೋದೆ. ಬೆಳಗ್ಗೆ ಎದ್ದಾಗ ಎಲ್ಲ ಹಸಿರು. ಒಂಬತ್ತು ಗಂಟೆಗೆ ಪಾಳಿ ಒಪ್ಪಿಸುವಾಗ ನೋಟ್ ಬರೆದೆ: "3:10ಕ್ಕೆ ಅಲರ್ಟ್. ಚೆಕ್ ಮಾಡಿದೆ. ತಾತ್ಕಾಲಿಕ ತೊಂದರೆ. ಏನೂ ಮಾಡಬೇಕಾಗಿಲ್ಲ." ನಾಲ್ಕು ವಾಕ್ಯದಲ್ಲಿ ನಿಜ ಒಂದೇ.

ನನ್ನ ನಂತರದ ಪಾಳಿ ಹೊಸದಾಗಿ ಸೇರಿದ್ದ ಒಬ್ಬ ಹುಡುಗನದು, ಮಂಡ್ಯ ಕಡೆಯವನು. 9:40ಕ್ಕೆ ಅದೇ ಅಲರ್ಟ್ ಅವನಿಗೂ ಬಂತು. ಅವನು ನನ್ನ ನೋಟ್ ಓದಿದ, ಸುಮ್ಮನಾದ. 11 ಗಂಟೆಗೆ ಡಿಸ್ಕ್ ತುಂಬಿ ಪೇಮೆಂಟ್ ನಿಂತಿತು. ಎರಡು ಗಂಟೆ ಕಾಲ ಜನರ ದುಡ್ಡು ಕಟ್ ಆಗೋದು, ಆರ್ಡರ್ ಆಗದೇ ಇರೋದು. ಮರುದಿನ ಮೀಟಿಂಗು. ಅದಕ್ಕೆ 'ಬ್ಲೇಮ್‌ಲೆಸ್' ಅಂತ ಹೆಸರು, ಯಾರ ತಪ್ಪೂ ಹುಡುಕಬಾರದು ಅಂತ. ಲೀಡ್ ಕೇಳಿದರು, "9:40ಕ್ಕೆ ಬಂದಿದ್ದನ್ನ ಯಾಕೆ ಬಿಟ್ಟೆ?" ಹುಡುಗ ಅಂದ, "ಹಿಂದಿನ ಪಾಳಿಯ ನೋಟ್ ನೋಡಿದೆ." "ನೋಟ್ ನಂಬಿಕೊಂಡು ಕೂರೋದಾ? ನೀನು ನೋಡಬೇಕಾಗಿತ್ತು." ನಾನು ಆ ಕಾಲ್‌ನಲ್ಲಿದ್ದೆ. ನನ್ನ ಮೈಕು ಮ್ಯೂಟಿನಲ್ಲಿತ್ತು. ಅನ್‌ಮ್ಯೂಟ್ ಬಟನ್ ಮೇಲೆ ಕರ್ಸರ್ ಇಟ್ಟುಕೊಂಡು ಇಡೀ ಮೀಟಿಂಗು ಕೂತಿದ್ದೆ. ಆ ವರ್ಷ ಅವನ ಅಪ್ರೈಸಲ್‌ನಲ್ಲಿ 'ಓನರ್‌ಶಿಪ್ ಸಾಲದು' ಅಂತ ಬಂತು ಅಂತ ಆಮೇಲೆ ಗೊತ್ತಾಯಿತು. ಅವನು ಕಂಪನಿ ಬಿಟ್ಟ. ನಾನೂ ಬಿಟ್ಟೆ, ಬೇರೆ ಕಾರಣಕ್ಕೆ.

ಟೆಟ್ಲಿಯ ಕಥೆ ಓದಿದ ರಾತ್ರಿ ಆ ಹುಡುಗನ ನಂಬರ್ ಹುಡುಕಿದೆ. ಕರೆ ಮಾಡೋಕೆ ಮೂರು ವಾರ ಹಿಡೀತು. ಒಂದು ಭಾನುವಾರ ಮಾಡಿದೆ. ಕುಶಲ, ಮನೆ, ಮದುವೆ, ಮಂಡ್ಯದ ಬೆಲ್ಲ ಅಂತ ಹತ್ತು ನಿಮಿಷ ಸುತ್ತಾಡಿ, ಕೊನೆಗೆ "ಒಂದು ಹೇಳೋದಿತ್ತು ನೋಡಪಾ, ಆವತ್ತು ನಾ ಏನೂ ಚೆಕ್ ಮಾಡಿರಲಿಲ್ಲ, ಮಲಗಿದ್ದೆ" ಅಂದೆ.

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಗೊತ್ತಿತ್ತು ಬಿಡಣ್ಣ" ಅಂದ. "ಆವತ್ತು ಮಧ್ಯಾಹ್ನಾನೇ ಲಾಗ್ ತೆಗ್ದು ನೋಡ್ದೆ. ಆ ರಾತ್ರಿ ಸರ್ವರ್‌ಗೆ ಯಾರೂ ಲಾಗಿನ್ನೇ ಆಗಿರ್ಲಿಲ್ಲ."

"ಮತ್ತ ಮೀಟಿಂಗ್‌ನಾಗ ಯಾಕ ಹೇಳಲಿಲ್ಲ?"

"ನೀವು ಹೇಳ್ತೀರ ಅಂತ ಕಾಯ್ತಿದ್ದೆ ಅಣ್ಣ."

ಮುಂದಿನ ತಿಂಗಳು ಬೆಂಗಳೂರಿಗೆ ಬಂದಾಗ ಸಿಗ್ತೀನಿ ಅಂದಿದ್ದಾನೆ. ಈ ವಾರ ಮತ್ತೆ ನನ್ನ ಪಾಳಿ. ನಿನ್ನೆ ರಾತ್ರಿ ಎರಡು ಅಲರ್ಟ್ ಬಂದವು. ಒಂದನ್ನು ನೋಡಿದೆ. ಇನ್ನೊಂದಕ್ಕೆ ಬೆಳಗ್ಗಿನ ನೋಟಿನಲ್ಲಿ "2:25ಕ್ಕೆ ಬಂತು, ನಿದ್ದೆಯಲ್ಲಿ ಬಟನ್ ಒತ್ತಿದೆ, ನೋಡಿಲ್ಲ, ದಯವಿಟ್ಟು ನೋಡಿ" ಅಂತ ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಮ್ಯಾನೇಜರ್ ಮೆಸೇಜ್ ಮಾಡಿದರು: "ಇದನ್ನೆಲ್ಲ ನೋಟಿನಲ್ಲಿ ಹಾಕಬೇಡಿ, ಕ್ಲೈಂಟ್ ಕೂಡ ನೋಡ್ತಾರೆ." ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.